ಕೆಂಪಿಗೆ ನೀಲಿ ಕೂಡಿಸಿದರೆ ನೇರಳೆ ಯಾಕೆ ಬರುವುದಿಲ್ಲ?

“ಸರ್, ಕೆಂಪು ನೀಲಿ ಕೂಡಿಸಿದ್ರ ನೇರಳೆ ಆಗ್ತದ ಅಂತ ಪುಸ್ತಕದಾಗ ಅದ. ನಾವು ಕೂಡಿಸಿದ್ರ ರಾಡಿ ಆಗ್ತದ. ಅಂಗಡ್ಯಾಗ ಡೂಪ್ಲಿಕೇಟ್ ಬಣ್ಣ ಕೊಟ್ಟಾರೇನ್ರಿ?”

ಇಲ್ಲ. ಬಣ್ಣ ಅಸಲಿಯೇ. ಅಂಗಡಿಯವರನ್ನು ಬಿಟ್ಟುಬಿಡಿ.

ಈ ಪ್ರಶ್ನೆ ನನಗೆ ಹೊಸದಲ್ಲ. ಕಲಬುರಗಿಯಲ್ಲಿ ಬೇಸಿಗೆ ರಜೆ ಶುರುವಾದರೆ ಸಾಕು, ನಮ್ಮ ಮನೆಯ ಪಡಸಾಲೆ ತುಂಬ ಮಕ್ಕಳು. ಹೊರಗೆ ಬಿಸಿಲು, ಒಳಗೆ ಬಣ್ಣದ ನೀರು. ಮೊದಲ ವಾರದಲ್ಲೇ ಒಬ್ಬರಾದರೂ ಕಂದು ಬಣ್ಣದ ಬದನೆಕಾಯಿ ಬಿಡಿಸಿ ತಂದು ಮುಖ ಸಣ್ಣಗೆ ಮಾಡಿಕೊಂಡು ನಿಲ್ಲುತ್ತಾರೆ. ಗಣಪತಿ ಮಂಟಪ ಕಟ್ಟುವ ಹುಡುಗರದ್ದೂ ಇದೇ ಗೋಳು. ಮಣ್ಣಿನ ಹಣತೆಗೆ ಬಣ್ಣ ಹಚ್ಚುವ ಅಕ್ಕಂದಿರದ್ದೂ ಇದೇ. ಹಾಗಾಗಿ ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಉತ್ತರ ಚಿಕ್ಕದು. ಕೆಂಪು ಅನ್ನುವುದು ಒಂದು ಬಣ್ಣ ಅಲ್ಲ. ನೀಲಿಯೂ ಅಷ್ಟೇ. ನಿಮ್ಮ ಪೋಸ್ಟರ್ ಕಲರ್ ಡಬ್ಬಿ ತಿರುಗಿಸಿ ಹೆಸರು ಓದಿ. ಒಂದರ ಮೇಲೆ ವರ್ಮಿಲಿಯನ್ ಅಂತಿರುತ್ತದೆ, ಇನ್ನೊಂದರ ಮೇಲೆ ಕ್ರಿಮ್ಸನ್. ಎರಡನ್ನೂ ನಾವು ಕೆಂಪು ಅಂತಲೇ ಕರೆಯುತ್ತೇವೆ. ಆದರೆ ವರ್ಮಿಲಿಯನ್ ಕಿತ್ತಳೆ ಕಡೆ ವಾಲಿದ ಕೆಂಪು, ಕ್ರಿಮ್ಸನ್ ರಾಣಿ ಕಲರ್ ಕಡೆ ವಾಲಿದ ಕೆಂಪು. ನೀವು ಕೈಗೆ ಸಿಕ್ಕ ವರ್ಮಿಲಿಯನ್ ತೆಗೆದುಕೊಂಡಿರಿ. ರಾಡಿ ಆಯಿತು. ಕ್ರಿಮ್ಸನ್ ತೆಗೆದುಕೊಂಡು ಅಲ್ಟ್ರಾಮರೀನ್ ನೀಲಿಗೆ ಕೂಡಿಸಿ, ನೇರಳೆ ಬರುತ್ತದೆ. (ಅಲ್ಟ್ರಾಮರೀನ್ ಅಂದರೆ ಹೆದರಬೇಡಿ. ಬಿಳಿ ಅಂಗಿಗೆ ಹಾಕುವ ಹಳೇ ಕಾಲದ ನೀಲಿ ಪುಡಿ ಇದೆಯಲ್ಲ, ಅದೇ. ಹಳದಿ ತಿರುಗಿದ ಬಟ್ಟೆಗೂ ಗೋಡೆಯ ಸುಣ್ಣಕ್ಕೂ ಚೂರು ನೀಲಿ ಹಾಕಿದರೆ ಬಿಳುಪು ಎದ್ದು ಕಾಣುತ್ತದೆ ಅಂತ ನಮ್ಮ ಆಯಿಗೆ ಗೊತ್ತಿತ್ತು.)

ಯಾಕೆ ಹೀಗೆ? ಬಣ್ಣವನ್ನು ಒಂದು ಸಾಣಿಗೆ ಅಂದುಕೊಳ್ಳಿ. ನಮ್ಮ ಊರಲ್ಲಿ ದಾಲ್ ಮಿಲ್ ನೋಡದವರು ಯಾರಿದ್ದಾರೆ? ಕಾಳನ್ನು ಎರಡು ಸಾಣಿಗೆಯಲ್ಲಿ ಹಾಯಿಸಿದರೆ, ಎರಡರಲ್ಲೂ ಪಾರಾದದ್ದು ಮಾತ್ರ ಕೆಳಗೆ ಬೀಳುತ್ತದೆ. ಬಣ್ಣವೂ ಹಾಗೆ. ಬಿಳಿ ಬೆಳಕಿನಲ್ಲಿ ಎಲ್ಲಾ ಬಣ್ಣ ಇವೆ. ಹಚ್ಚಿದ ಬಣ್ಣ ಅದರಲ್ಲಿ ಕೆಲವನ್ನು ನುಂಗುತ್ತದೆ, ಉಳಿದದ್ದನ್ನು ವಾಪಸ್ ಕಳಿಸುತ್ತದೆ. ನೇರಳೆ ಕಾಣಬೇಕಾದರೆ ಕೆಂಪು ಬೆಳಕೂ ನೀಲಿ ಬೆಳಕೂ ಉಳಿಯಬೇಕು. ವರ್ಮಿಲಿಯನ್ ನೀಲಿ ಬೆಳಕನ್ನು ಪೂರ್ತಿ ನುಂಗುತ್ತದೆ. ಅಲ್ಟ್ರಾಮರೀನ್ ಕೆಂಪು ಬೆಳಕನ್ನು ಹೆಚ್ಚುಕಡಿಮೆ ನುಂಗುತ್ತದೆ. ಎರಡನ್ನೂ ಕೂಡಿಸಿದರೆ ಉಳಿಯುವುದೇನು? ಮಂಕು ಕಂದು. ಕ್ರಿಮ್ಸನ್ ಸ್ವಲ್ಪ ನೀಲಿಯನ್ನು ಹೋಗಗೊಡುತ್ತದೆ, ಆ ಸ್ವಲ್ಪದಲ್ಲೇ ನಿಮ್ಮ ಬದನೆಕಾಯಿ ಬದುಕುತ್ತದೆ.

ಹಸಿರಿಗೂ ಇದೇ ಲೆಕ್ಕ. ಲೆಮನ್ ಯೆಲ್ಲೋ, ಪ್ರಷ್ಯನ್ ಬ್ಲೂ ಎರಡೂ ಹಸಿರು ಕಡೆ ವಾಲಿದವು, ಕೂಡಿಸಿದರೆ ಚೊಕ್ಕ ಹಸಿರು. ಕಿತ್ತಳೆ ಕಡೆ ವಾಲಿದ ಕ್ರೋಮ್ ಯೆಲ್ಲೋಗೆ ನೇರಳೆ ಕಡೆ ವಾಲಿದ ಅಲ್ಟ್ರಾಮರೀನ್ ಕೂಡಿಸಿದರೆ ಮೆಹಂದಿ ಹಸಿರು. ಎರಡನೆಯದು ಕೆಟ್ಟದ್ದು ಅಂತಲ್ಲ. ತೊಗರಿ ಹೊಲ ಬಿಡಿಸುವಾಗ ಗಿಳಿ ಹಸಿರು ಹಚ್ಚಿದರೆ ಅದು ನಮ್ಮ ಸೀಮೆಯ ಹೊಲ ಅನಿಸುವುದೇ ಇಲ್ಲ. ಅಲ್ಲಿ ಮಂಕು ಹಸಿರೇ ಬೇಕು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಯಾಕೆಂದರೆ ಇಷ್ಟು ಹೇಳಿದ ಮೇಲೂ ಒಬ್ಬರು ಕೈ ಎತ್ತುತ್ತಾರೆ: “ಆದ್ರ ಸರ್, ಮೂಲ ಬಣ್ಣ ಮೂರೇ ಅಲ್ರಿ? ಕೆಂಪು, ಹಳದಿ, ನೀಲಿ. ಅವುಗಳಿಂದ ಎಲ್ಲಾ ಬಣ್ಣ ಬರಬೇಕಲ್ಲ?”

ಬರುವುದಿಲ್ಲ. ಈ ಮಾತನ್ನು ನಾನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೋ! ಇದು ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಕಣ್ಣೆದುರಿಗೆ ರಾಡಿ ಕಂಡರೂ ನಾವು ಬಣ್ಣವನ್ನು ಬೈಯುತ್ತೇವೆ, ಅಂಗಡಿಯನ್ನು ಬೈಯುತ್ತೇವೆ, ನಮ್ಮ ಕೈಯನ್ನೇ ಬೈದುಕೊಳ್ಳುತ್ತೇವೆ. ಆ ನಿಯಮವನ್ನು ಮಾತ್ರ ಅನುಮಾನಿಸುವುದಿಲ್ಲ.

ಮೊದಲ ಪರೀಕ್ಷೆ. ಮೂಲ ಬಣ್ಣ ಅಂದರೆ ಬೇರೆ ಬಣ್ಣ ಕೂಡಿಸಿ ಮಾಡಲಾಗದ್ದು, ಅಲ್ವಾ? ಹಾಗಾದರೆ ರಾಣಿ ಕಲರ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಮೆಜೆಂಟಾ ಅಂತ ಕೇಳಿ. ಅದಕ್ಕೆ ಹಳದಿ ಕೂಡಿಸಿ. ಬಂದದ್ದು ಏನು? ಕೆಂಪು. ಥೇಟ್ ಕುಂಕುಮದ ಕೆಂಪು. ಮಾಡಲಾಗದ ಬಣ್ಣವನ್ನು ನೀವು ಈಗಷ್ಟೇ ಮಾಡಿದಿರಿ. ಅದೇ ರಾಣಿ ಕಲರಿಗೆ ಹೊಳಪಿನ ಆಕಾಶ ನೀಲಿ ಕೂಡಿಸುತ್ತಾ ಹೋಗಿ. ದಾರಿಯಲ್ಲಿ ನೇರಳೆ ಸಿಗುತ್ತದೆ, ಆಮೇಲೆ ದಟ್ಟ ನೀಲಿ. ಮೂರು ‘ಮೂಲ’ಗಳಲ್ಲಿ ಎರಡು ಹೋದವು. ಇದನ್ನು ಪಡಸಾಲೆಯಲ್ಲಿ ಮಾಡಿ ತೋರಿಸಿದ ದಿನ ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಎದ್ದು ಬಂದಿದ್ದರು. ಅದರಲ್ಲಿ ಒಬ್ಬ ಹುಡುಗ ಇದನ್ನೇ ಶಾಲೆಯ ಪರೀಕ್ಷೆಯಲ್ಲಿ ಬರೆದ. ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿಸಿಕೊಂಡು ಬಂದ. ಆ ಕೆಂಪು ಶಾಯಿ ಯಾವ ಕೆಂಪು ಅಂತ ನೋಡು ಅಂದೆ. ಅವನಿಗೆ ನಗು ಬರಲಿಲ್ಲ.

ಎರಡನೇ ಪರೀಕ್ಷೆಗೆ ದುಡ್ಡೂ ಬೇಡ. ಬಣ್ಣದ ದಿನಪತ್ರಿಕೆ ತೆಗೆದು ಪುಟದ ಅಂಚು ನೋಡಿ. ಚಿಕ್ಕ ಚಿಕ್ಕ ಚುಕ್ಕೆಯೋ ಚೌಕವೋ ಇರುತ್ತದೆ. ಆಕಾಶ ನೀಲಿ, ರಾಣಿ, ಹಳದಿ, ಕಪ್ಪು. ಆ ಪುಟದ ಎಲ್ಲಾ ಬಣ್ಣ ಈ ನಾಲ್ಕರಿಂದಲೇ ಬಂದಿದೆ. ಗೋಡೆಯ ಮೇಲಿನ ದೇವರ ಕ್ಯಾಲೆಂಡರನ್ನು ಭೂತಗನ್ನಡಿಯಲ್ಲಿ ನೋಡಿದರೂ ಇದೇ ಕಾಣುತ್ತದೆ. ಕ್ಯಾಲೆಂಡರ್ ದೇವರು ಅಂದರೆ ನಮ್ಮೂರಿನ ಎಸ್.ಎಂ. ಪಂಡಿತರ (1916–1993) ನೆನಪಾಗದೆ ಇರುವುದಿಲ್ಲ. ಅವರ ಕುಂಚದ ದೇವರುಗಳು ಹಾಗೇ ಅಚ್ಚಾಗಿ ಮನೆಮನೆಯ ಗೋಡೆ ಸೇರಿದವು. ಈಗ ಅಚ್ಚಾಗುವ ಕ್ಯಾಲೆಂಡರಿನಲ್ಲಿ ದೇವರ ಮೈಬಣ್ಣ ಹತ್ತಿರದಿಂದ ಬರೀ ರಾಣಿ ಮತ್ತು ಹಳದಿ ಚುಕ್ಕೆ, ನಡುನಡುವೆ ಒಂದಿಷ್ಟು ನೀಲಿ. ಕೆಂಪು ಶಾಯಿಯನ್ನು ಯಾರೂ ಸುರಿದಿಲ್ಲ.

ಹಾಗಾದರೆ ಈ ಕೆಂಪು-ಹಳದಿ-ನೀಲಿ ಕಥೆ ಹುಟ್ಟಿದ್ದು ಎಲ್ಲಿ? 1667ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಲೆ ಬ್ಲಾನ್ ಎಂಬಾತ ಕೆಂಪು, ಹಳದಿ, ನೀಲಿಯ ಮೂರು ಅಚ್ಚಿನಿಂದ ಬಣ್ಣದ ಚಿತ್ರ ಮುದ್ರಿಸಿದ. ಒಮ್ಮೊಮ್ಮೆ ಕಪ್ಪಿನ ನಾಲ್ಕನೇ ಅಚ್ಚನ್ನೂ ಸೇರಿಸಿದ. ಆತನದ್ದು ದೊಡ್ಡ ಸಾಧನೆಯೇ. ಆದರೆ ಆತ ಇದ್ದ ಬಣ್ಣಗಳಲ್ಲಿ ಕೆಲಸ ಮಾಡಿದ. ಮೆಜೆಂಟಾ ಹೆಸರಿನ ಬಣ್ಣ ಬಂದಿದ್ದೇ 1859ರಲ್ಲಿ. ಇಟಲಿಯ ಮೆಜೆಂಟಾ ಊರಿನಲ್ಲಿ ಆ ವರ್ಷ ಯುದ್ಧವಾಗಿತ್ತು, ಅದರ ಹೆಸರನ್ನೇ ಇಟ್ಟರು. ಮುದ್ರಣದವರು ಮುಂದೆ ಹೋದರು. ಪಾಠ ಅಲ್ಲೇ ನಿಂತಿತು.

ನಿಲ್ಲಲು ಒಂದು ಕಾರಣವೂ ಇದೆ. ಆ ಪಾಠ ಪೂರ್ತಿ ಫೇಲ್ ಆಗುವುದಿಲ್ಲ. ಕೆಂಪು ಹಳದಿ ಸೇರಿದರೆ ಒಳ್ಳೆ ಕಿತ್ತಳೆ ಬರುತ್ತದೆ, ಡಬ್ಬಿಯ ಕೆಂಪು ಮೊದಲೇ ಕಿತ್ತಳೆ ಕಡೆ ವಾಲಿದ್ದರಿಂದ. ಹಳದಿ ನೀಲಿ ಸೇರಿದರೆ ಒಂದಲ್ಲ ಒಂದು ಹಸಿರು ಬರುತ್ತದೆ. ಮೂರು ವಿಷಯದಲ್ಲಿ ಎರಡು ಪಾಸು. ಮೂರನೆಯದರಲ್ಲಿ ಮಗು ಫೇಲ್ ಆದರೆ ತಪ್ಪು ಮಗುವಿನದು ಅಂತ ಎಲ್ಲರೂ ಸುಮ್ನೆ ಒಪ್ಪಿಕೊಂಡುಬಿಡುತ್ತಾರೆ.

ಹಾಗಂತ ಆಕಾಶ ನೀಲಿ, ರಾಣಿ, ಹಳದಿಯೇ ನಿಜವಾದ ಮೂಲ ಅಂತ ಹೊಸ ಮಂತ್ರ ಹಿಡಿಯಬೇಡಿ. ಅವೂ ಎಲ್ಲಾ ಬಣ್ಣ ಕೊಡುವುದಿಲ್ಲ. ಮದುವೆ ಸೀರೆಯ ಕಿತ್ತಳೆ ಆಲ್ಬಮ್ಮಿನಲ್ಲಿ ಮಂಕಾಗಿ ಬಂದದ್ದನ್ನು ನೋಡಿದ್ದೀರಿ ತಾನೆ? ಮೂರು ಅನ್ನುವ ಲೆಕ್ಕ ಬಣ್ಣದ ಡಬ್ಬಿಯಲ್ಲಿಲ್ಲ, ನಮ್ಮ ಕಣ್ಣಿನಲ್ಲಿದೆ. ಬಣ್ಣ ಗುರುತಿಸುವ ಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆ. ನಾಯಿಗೆ ಎರಡೇ ಬಗೆ. ಬಹಳಷ್ಟು ಹಕ್ಕಿಗಳಿಗೆ ನಾಲ್ಕು. ನವಿಲೇನಾದರೂ ಚಿತ್ರದ ಮಾಸ್ತರಾಗಿದ್ದರೆ ಮೂಲ ಬಣ್ಣ ನಾಲ್ಕು ಅಂತ ಬಾಯಿಪಾಠ ಮಾಡಿಸುತ್ತಿತ್ತು.

ಇನ್ನು ಕೌದಿಗೆ, ಅಂದರೆ ಬಟ್ಟೆ ತುಂಡು ಜೋಡಿಸಿ ಹೊಲಿಯುವ ಹೊದಿಕೆಗೆ ಬರೋಣ. ಅಲ್ಲಿ ಬಣ್ಣ ಬೆರೆಸುವ ಮಾತೇ ಇಲ್ಲ, ಪಕ್ಕಪಕ್ಕ ಕೂರಿಸುವುದಷ್ಟೇ. ಆದರೂ ನಮ್ಮ ಓಣಿಯ ಕಾಕಿ ಒಮ್ಮೆ ಕೇಳಿದರು: “ಈ ಕರಿ ಅರಿವಿ ಹೊಸದೇ ಅದ, ಕೌದ್ಯಾಗ ಹಚ್ಚಿದ್ರ ಹಳೇದು ಕಂಡಂಗ ಕಾಣ್ತದ, ಯಾಕಪಾ?” ಇದೇ ದೂರು ಪ್ಯಾರಿಸ್ಸಿನ ಗೊಬೆಲಿನ್ಸ್ ನೇಯ್ಗೆ ಕಾರ್ಖಾನೆಗೂ ಬಂದಿತ್ತು. ಅಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳಲು 1824ರಲ್ಲಿ ಬಂದ ಷೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞ ಕಪ್ಪು ಉಣ್ಣೆಯನ್ನು ಪರೀಕ್ಷಿಸಿದರೆ, ಉಣ್ಣೆಯಲ್ಲಿ ಏನೂ ತಪ್ಪಿರಲಿಲ್ಲ. ಪಕ್ಕದ ನೀಲಿ, ನೇರಳೆ ಎಳೆಗಳು ಅದನ್ನು ಮಂಕು ಮಾಡಿದ್ದವು. ಕಾಕಿಯ ಕೌದಿಯಲ್ಲೂ ಕಪ್ಪಿನ ಸುತ್ತ ನೀಲಿ ತುಂಡುಗಳೇ ಇದ್ದವು. ನಡುವೆ ಒಂದು ಸಾಲು ಹಳದಿ ಹಾಕಿದರು. ಅದೇ ಕಪ್ಪು ಹೊಸದಾಯಿತು.

ಹೊಲಿಯುವ ಮುಂಚೆ ತುಂಡುಗಳನ್ನು ಹರಡಿ ಮೊಬೈಲಿನಲ್ಲಿ ಫೋಟೋ ತೆಗೆದು, ಅದನ್ನು ಕಪ್ಪು-ಬಿಳುಪು ಮಾಡಿ ನೋಡಿ. ಕೆಂಪು ಹಸಿರು ಎಷ್ಟೇ ಬೇರೆ ಅನಿಸಿದರೂ ಫೋಟೋದಲ್ಲಿ ಎರಡೂ ಒಂದೇ ಬೂದಿಯಾಗಿ ಕಂಡರೆ, ದೂರದಿಂದ ನಿಮ್ಮ ವಿನ್ಯಾಸ ಕಾಣುವುದಿಲ್ಲ. ತಿಳಿ ಮತ್ತು ದಟ್ಟದ ಜಗಳ ಇರಲೇಬೇಕು.

ರಂಗೋಲಿಯವರಿಗೆ ಒಂದೇ ಮಾತು. ಪುಡಿಗೆ ಪುಡಿ ಬೆರೆಸಿದರೆ ಕಣಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ, ಕಣ್ಣು ಅವನ್ನು ಸರಾಸರಿ ಮಾಡಿ ಧೂಳಿನ ಬಣ್ಣ ತೋರಿಸುತ್ತದೆ. ಬೇಕಾದ ಬಣ್ಣವನ್ನೇ ಕೊಳ್ಳಿ. ನಮಗೆ ಶಹಾಬಾದ್ ಕಲ್ಲಿನ ಅಂಗಳವಿದೆ, ಬೂದು ನೆಲದ ಮೇಲೆ ಯಾವ ಬಣ್ಣವೂ ಸೋಲುವುದಿಲ್ಲ.

ಬೆರೆಸುವುದೆಲ್ಲ ಒಂದೇ ಅಲ್ಲ ಅನ್ನುವುದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿ ಇದೆ: ಓಕುಳಿ. ಅರಿಶಿಣ ಹಳದಿ, ಸುಣ್ಣ ಬಿಳಿ. ಸೇರಿದರೆ ಕೆಂಪು! ಯಾವ ಮೂಲ ಬಣ್ಣದ ಲೆಕ್ಕದಲ್ಲೂ ಇದು ಬರುವುದಿಲ್ಲ. ಅಲ್ಲಿ ನಡೆದದ್ದು ಬೆರಕೆ ಅಲ್ಲ, ಸುಣ್ಣದ ಕ್ಷಾರಕ್ಕೆ ಅರಿಶಿಣದ ಬಣ್ಣವೇ ಬದಲಾದದ್ದು. ಮಕ್ಕಳಿಗೆ ಹೀಗೆ ಮಾಡಿಸಿ: ಕಾಗದಕ್ಕೆ ಅರಿಶಿಣದ ನೀರು ಬಳಿದು ಒಣಗಿಸಿ, ಸುಣ್ಣದ ತಿಳಿನೀರಲ್ಲಿ ಕಡ್ಡಿ ಅದ್ದಿ ಗೆರೆ ಎಳೆಯಿರಿ. ಕೆಂಪು ಗೆರೆ ಮೂಡುತ್ತದೆ. ನಿಂಬೆರಸ ತಾಗಿಸಿದರೆ ಮತ್ತೆ ಹಳದಿ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ದೊಡ್ಡವರೇ ಕಲಸಿಕೊಡಿ. ಬಿಸಿಲಿಗಿಟ್ಟರೆ ಅರಿಶಿಣ ಬೇಗ ಮಾಸುತ್ತದೆ, ಗೋಡೆಗೆ ಹಾಕಿ ವರ್ಷ ಬಾಳಲಿ ಅನ್ನಬೇಡಿ.

ಹೀಗೆ ಬದಲಾಗಿ ಹುಟ್ಟುವ ಬಣ್ಣ ಅಂದಮೇಲೆ ಬೀದರ್ ಬಿಟ್ಟು ಮಾತು ಮುಗಿಸಲಾರೆ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಬಿದರಿ ಹೂಜಿಯ ಕಪ್ಪು ಬಳಿದ ಬಣ್ಣ ಅಲ್ಲ. ಹೂಜಿಯ ಲೋಹದಲ್ಲಿ ಸತುವು ಬಹಳ ಜಾಸ್ತಿ, ತಾಮ್ರ ಸ್ವಲ್ಪ. ಅಲ್ಲಿ ಕಪ್ಪು ಎರಡು ಸಲ ಬರುತ್ತದೆ. ಮೊದಲನೆಯದು ಮೈಲುತುತ್ತದ ನೀರು ಉಜ್ಜಿ ತರುವ ತಾತ್ಕಾಲಿಕ ಕಪ್ಪು. ಗೀರಿದ ಗೆರೆ ಬೆಳ್ಳಗೆ ಕಾಣಲಿ ಅಂತ ಅಷ್ಟೇ. ಕೆತ್ತಿ, ಬೆಳ್ಳಿ ಕೂರಿಸಿ, ಉಜ್ಜಿದಾಗ ಅದು ಹೋಗುತ್ತದೆ. ಆಗ ಬೆಳ್ಳಿ ಯಾವುದು, ಲೋಹ ಯಾವುದು ಅಂತ ಗೊತ್ತೇ ಆಗುವುದಿಲ್ಲ. ಆಮೇಲೆ ಬೀದರ್ ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ದ್ರಾವಣ. ಅದರಲ್ಲಿ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಕ್ಷಣಕ್ಕೆ ಹೂಬಳ್ಳಿ ಎದ್ದು ಬರುತ್ತದೆ. ಬೆಳ್ಳಿ ಅಷ್ಟು ಹೊಳೆಯುವುದು ಪಕ್ಕದ ಕಪ್ಪಿನಿಂದ. ಕಾಕಿಯ ಹಳದಿ ಸಾಲಿನ ಲೆಕ್ಕವೇ, ತಿರುವುಮುರುವು.

ಇದನ್ನು ಕೇಳಿದ ಮಕ್ಕಳು ನಮಗೂ ಅಂಥ ಕಪ್ಪು ಬೇಕು ಅನ್ನುತ್ತಾರೆ. ಕೋಟೆ ಮಣ್ಣು ಪೋಸ್ಟರ್ ಕಲರಿಗೆ ಹಾಕಿದರೆ ಮಣ್ಣೇ ಆಗುತ್ತದೆ, ಆ ಆಸೆ ಬಿಡಿ. ಡಬ್ಬಿಯ ಕಪ್ಪನ್ನು ಪಕ್ಕಕ್ಕಿಟ್ಟು ಪ್ರಷ್ಯನ್ ಬ್ಲೂಗೆ ಕೆಂಪು ಕೂಡಿಸಿ, ಚಿಟಿಕೆ ಹಳದಿ ಹಾಕಿ. ಡಬ್ಬಿಯ ಕಪ್ಪಿಗಿಂತ ಆಳವಾದ, ಜೀವ ಇರುವ ಕಪ್ಪು ಸಿಗುತ್ತದೆ. ಯಾವ ಕೆಂಪು ಸರ್ ಅಂತ ಯಾರೋ ಕೇಳಿದ ಹಾಗಾಯಿತು.

ಕ್ರಿಮ್ಸನ್. ವರ್ಮಿಲಿಯನ್ ಅಲ್ಲ.