ಎಲ್ಲಿಂದ ಬಂತು, ಜೊತೆಗೆ ಏನಿತ್ತು?

ಬೈಕಂಪಾಡಿಯ ಮೀನು ಸಂಸ್ಕರಣಾ ಘಟಕಗಳಿಗೂ ಕಾರ್ಕಳದ ಕಡೆಯ ಗೇರುಬೀಜದ ಫ್ಯಾಕ್ಟರಿಗಳಿಗೂ ಡೇಟಾಬೇಸ್ ಕಟ್ಟಿಕೊಡುವುದು ನನ್ನ ಉದ್ಯೋಗ. ಆಗೀಗ ಪೊಲೀಸ್ ಸಿಬ್ಬಂದಿಯ ತರಬೇತಿಗೂ ಕರೆಯುತ್ತಾರೆ. "ಬಂಗುಡೆಗೂ ಕಳ್ಳನಿಗೂ ಎಂತ ಸಂಬಂಧ ಮಾರಾಯ್ರೆ?" ಎಂದು ಸ್ನೇಹಿತರು ಕೇಳುವುದುಂಟು. ಸಂಬಂಧ ಉಂಟು. ಗುಣಮಟ್ಟ ನೋಡುವವನೂ ತನಿಖಾಧಿಕಾರಿಯೂ ಕೇಳುವುದು ಎರಡೇ ಪ್ರಶ್ನೆ: ಇದು ಎಲ್ಲಿಂದ ಬಂತು, ಇದರ ಜೊತೆಗೆ ಬೇರೆ ಏನಿತ್ತು? ಇಬ್ಬರೂ ಕೇಳುವುದು ಘಟನೆ ನಡೆದು ಎಷ್ಟೋ ದಿನ ಕಳೆದ ಮೇಲೆ. ಆ ಹೊತ್ತಿಗೆ ಬರೆದಿಡದ್ದು ಯಾವುದೂ ಸಿಗುವುದಿಲ್ಲ.

ಬಂಗುಡೆಯಿಂದಲೇ ಶುರು ಮಾಡೋಣ. ದಕ್ಕೆಯಿಂದ (ಬೋಟುಗಳು ಮೀನು ಇಳಿಸುವ ಕಟ್ಟೆ) ಬಂದ ಬಂಗುಡೆಯನ್ನು ಘನೀಕರಿಸಿ ಯುರೋಪಿಗೆ ಕಳಿಸಿದ್ದೇವೆ ಎಂದಿಟ್ಟುಕೊಳ್ಳಿ. ಎರಡು ತಿಂಗಳ ಬಳಿಕ ಅಲ್ಲಿಂದ ಮೇಲ್ ಬರುತ್ತದೆ: ಒಂದು ಲಾಟಿನಲ್ಲಿ ಹಿಸ್ಟಮಿನ್ ಜಾಸ್ತಿ. ಬಂಗುಡೆ, ಬೂತಾಯಿ, ಕೇದರದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೇರಳ. ಮೀನು ಬಿಸಿಲಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ತಿಂದವರಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು. ಯುರೋಪಿನ ನಿಯಮದಂತೆ ಒಂದು ಲಾಟಿನಿಂದ 9 ಮಾದರಿ ತೆಗೆಯಬೇಕು, ಸರಾಸರಿ ಕಿಲೋಗೆ 100 ಮಿಲಿಗ್ರಾಂ ಮೀರಬಾರದು, ಯಾವೊಂದು ಮಾದರಿಯೂ 200 ದಾಟಬಾರದು. ಹಿಸ್ಟಮಿನ್ ಒಮ್ಮೆ ಹುಟ್ಟಿದ ಮೇಲೆ ಫ್ರೀಜರಿಗೂ ಜಗ್ಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ.

ಹಾಗಾದರೆ ಹೆಚ್ಚಿನ ಸಲ ತಪ್ಪು ನಡೆದಿರುವುದು ಫ್ರೀಜರಿನ ಬಾಗಿಲು ಮುಚ್ಚುವ ಮೊದಲೇ: ಬೋಟಿನಲ್ಲಿ ಐಸು ಕಡಿಮೆ ಬಿದ್ದಾಗ, ದಕ್ಕೆಯ ಏಲಂನಲ್ಲಿ ತಡವಾದಾಗ, ಫ್ಯಾಕ್ಟರಿ ಗೇಟಿನಲ್ಲಿ ಲಾರಿ ಕಾದಾಗ. ನನಗೆ ಬೇಕಾದದ್ದು ಬೋಟಿನ ಹೆಸರು, ಇಳಿಸಿದ ಹೊತ್ತು, ಗೇಟಿನಲ್ಲಿ ಮೀನಿನ ಒಳಗಿನ ಉಷ್ಣತೆ, ಯಾವ ಕ್ರೇಟು ಯಾವ ಫ್ರೀಜರಿಗೆ ಹೋಯಿತು ಎಂಬುದು. ಇಷ್ಟಿದ್ದರೆ "ಆ ಬೋಟಿನ ಮೀನು ಇದ್ದ ಪೆಟ್ಟಿಗೆಗಳು ಇಂತಿಷ್ಟು, ಅವಷ್ಟನ್ನೇ ವಾಪಸ್ ಕಳಿಸಿ" ಎನ್ನಬಹುದು. ಇಲ್ಲದಿದ್ದರೆ ಆ ದಿನದ ಇಡೀ ಉತ್ಪಾದನೆ ವಾಪಸ್ ಬರುತ್ತದೆ, ಕೆಲವೊಮ್ಮೆ ಆ ವಾರದ್ದೂ.

ದಾರ ಕಡಿಯುವ ಜಾಗ ಸಾಮಾನ್ಯವಾಗಿ ಕಂಪ್ಯೂಟರಿನಿಂದ ಬಹಳ ದೂರ ಇರುತ್ತದೆ. ದಕ್ಕೆಯಲ್ಲಿ ಮೂರು ಬೋಟಿನ ಬಂಗುಡೆ ಒಂದೇ ವ್ಯಾಪಾರಿಯ ಕ್ರೇಟುಗಳಿಗೆ ಸುರಿದ ಕ್ಷಣವೇ ಮೂರು ಇತಿಹಾಸ ಕಲಸಿಹೋಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ, ನೂಕುನುಗ್ಗಲಿನಲ್ಲಿ, ಒದ್ದೆ ಕೈಯಲ್ಲಿ ಯಾರು ಬರೆಯುತ್ತಾರೆ? ಬರೆಯುವುದಿಲ್ಲ. ಅದಕ್ಕೇ ನಾನು ಕಾಗದ ಕೇಳುವುದನ್ನು ಬಿಟ್ಟೆ. ಕ್ರೇಟಿಗೆ ಸಂಖ್ಯೆಯ ಬಿಲ್ಲೆ ಹಾಕಿ, ಗೇಟಿನಲ್ಲಿ ಸ್ಕ್ಯಾನ್ ಮಾಡುವಾಗ ಬೋಟುಗಳ ಪಟ್ಟಿಯಿಂದ ಆರಿಸಲು ಹೇಳುತ್ತೇನೆ. ಮೂರು ಬೋಟಿನದ್ದಾದರೆ ಮೂರನ್ನೂ ಆರಿಸಲಿ. "ಮಿಶ್ರ" ಎಂಬ ಆಯ್ಕೆಯನ್ನು ಮಾತ್ರ ಕೊಡುವುದಿಲ್ಲ. ಕೊಟ್ಟರೆ ಎಲ್ಲರೂ ಅದನ್ನೇ ಒತ್ತುತ್ತಾರೆ.

ಗೇರುಬೀಜದಲ್ಲಿ ಗಂಟು ಇನ್ನೂ ಬಿಗಿ. ಆಫ್ರಿಕದಿಂದ ಬಂದ ಒಂದು ಲಾಟಿನ ಕಚ್ಚಾ ಬೀಜ ಒಡೆದು, ಬೋರ್ಮ ಎಂಬ ಬಿಸಿಗೂಡಿನಲ್ಲಿ ಒಣಗಿ, ಸಿಪ್ಪೆ ಬಿಟ್ಟು, ಗ್ರೇಡಿಂಗ್ ಮೇಜಿಗೆ ಬಂದಾಗ ಡಬ್ಲ್ಯು 180, ಡಬ್ಲ್ಯು 240, ಡಬ್ಲ್ಯು 320, ತುಂಡು ಎಂದು ಹತ್ತಾರು ದಾರಿ ಹಿಡಿಯುತ್ತದೆ. (320 ಅಂದರೆ ಒಂದು ಪೌಂಡಿಗೆ ಹೆಚ್ಚೆಂದರೆ ಅಷ್ಟು ಬೀಜ.) ಅತ್ತ ದೊಡ್ಡ ಗ್ರೇಡಿನ 11.34 ಕಿಲೋದ ಒಂದು ಟಿನ್ ತುಂಬಲು ನಾಲ್ಕಾರು ಲಾಟುಗಳ ಬೀಜ ಸೇರಬೇಕಾಗುತ್ತದೆ. ಒಂದು ಲಾಟು ಹಲವು ಟಿನ್ನುಗಳಲ್ಲಿ, ಒಂದು ಟಿನ್ನಿನಲ್ಲಿ ಹಲವು ಲಾಟು. ಎಕ್ಸೆಲ್ ಹಾಳೆಯಲ್ಲಿ "ಲಾಟ್ ನಂಬರ್" ಎಂದು ಒಂದೇ ಕಾಲಂ ಇಟ್ಟುಕೊಂಡವರು ಇಲ್ಲಿ ಸೋಲುತ್ತಾರೆ. ಲಾಟಿಗೊಂದು, ಟಿನ್ನಿಗೊಂದು, ಇವೆರಡರ ಸಂಬಂಧಕ್ಕೇ ಮತ್ತೊಂದು ಟೇಬಲ್ ಬೇಕು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್, ಮಾಹಿತಿಯನ್ನು ಒಂದಕ್ಕೊಂದು ಹೊಂದಿಕೊಂಡ ಟೇಬಲ್ಲುಗಳಲ್ಲಿಡುವ ರಿಲೇಷನಲ್ ಮಾದರಿಯನ್ನು ಮುಂದಿಟ್ಟ ಮೇಲೆ ಇದು ಹೊಸ ವಿದ್ಯೆಯೇನೂ ಅಲ್ಲ. ಆದರೂ ಎಕ್ಸೆಲ್ ಬಿಡಲು ಯಾರಿಗೂ ಮನಸ್ಸಿಲ್ಲ.

ನಮ್ಮೂರಿಗೆ ಈ ಗುರುತು ಒತ್ತುವ ಅಭ್ಯಾಸ ಹಳೆಯದು. ಜೆಪ್ಪುವಿನಲ್ಲಿ 1865ರಲ್ಲಿ ಶುರುವಾದ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯ ಹೆಂಚಿನ ಹೊಟ್ಟೆಯಲ್ಲಿ ಹೆಸರೂ ಇಸವಿಯೂ ಉಬ್ಬಿಕೊಂಡಿರುತ್ತದೆ. ಹಳೆ ಮನೆ ಕೆಡವುವಾಗ ಅಂಥ ಹೆಂಚು ಸಿಕ್ಕರೆ "ಮನೆ 1865ರದ್ದು" ಎಂದು ಹೆಮ್ಮೆಪಡುವವರನ್ನು ಕಂಡಿದ್ದೇನೆ. ಅದು ಕಾರ್ಖಾನೆ ಹುಟ್ಟಿದ ವರ್ಷ; ಹೆಂಚು ಯಾವ ವರ್ಷ ಸುಟ್ಟದ್ದೋ ಯಾರಿಗೆ ಗೊತ್ತು. ಯಾವ ತಾರೀಕು ಎಂದು ಹೇಳದ ತಾರೀಕು ಡೇಟಾಬೇಸಿನಲ್ಲೂ ಹೀಗೇ ದಾರಿ ತಪ್ಪಿಸುತ್ತದೆ. ಹಿಡಿದದ್ದೋ, ಇಳಿಸಿದ್ದೋ, ಪ್ಯಾಕ್ ಮಾಡಿದ್ದೋ?

ಇನ್ನು ಠಾಣೆಯ ಕಡೆಗೆ. ಫ್ಯಾಕ್ಟರಿಯಲ್ಲಿ ಒತ್ತಿದ ಸಂಖ್ಯೆಯೇ ಪೊಲೀಸರ ದಾರವಾಗುವುದಕ್ಕೆ ಎಲ್ಲರ ಜೇಬಿನಲ್ಲೂ ಒಂದು ಸಾಕ್ಷಿ ಇದೆ. ಮೊಬೈಲಿನಲ್ಲಿ *#06# ಒತ್ತಿದರೆ ಬರುವ 15 ಅಂಕಿಗಳ ಐಎಂಇಐ ಅದು. ಮೊದಲ 8 ಅಂಕಿ ಮಾದರಿಯನ್ನು, ನಂತರದ 6 ಆ ಒಂದು ಫೋನನ್ನು ಹೇಳುತ್ತವೆ. 2023ರ ಮೇ ತಿಂಗಳಲ್ಲಿ ದೇಶಾದ್ಯಂತ ಬಂದ ಸಿಇಐಆರ್ ವ್ಯವಸ್ಥೆ ನಿಂತಿರುವುದೇ ಇದರ ಮೇಲೆ. ಕಳೆದ ಫೋನಿನ ದೂರು ಕೊಟ್ಟು ಐಎಂಇಐ ದಾಖಲಿಸಿದರೆ ಯಾವ ಕಂಪನಿಯ ನೆಟ್‌ವರ್ಕಿನಲ್ಲೂ ಆ ಫೋನು ನಡೆಯದಂತೆ ತಡೆಯಬಹುದು. ಯಾರಾದರೂ ಬೇರೆ ಸಿಮ್ ಹಾಕಿದರೆ ಅದರ ಸುಳಿವು ಪೊಲೀಸರಿಗೆ ಹೋಗುತ್ತದೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಳೆದದ್ದು ಹೊರರಾಜ್ಯದಲ್ಲಿ ಪತ್ತೆಯಾಗುವುದು ಈ ದಾರಿಯಲ್ಲೇ.

ಹದಿನೈದನೆಯ ಅಂಕಿಯ ಕಥೆ ಬೇರೆ. ಅದು ಉಳಿದ ಹದಿನಾಲ್ಕರಿಂದ ಲೆಕ್ಕ ಹಾಕಿ ಬರುವ ಪರೀಕ್ಷಾ ಅಂಕಿ. ಐಬಿಎಂನ ಹಾನ್ಸ್ ಪೀಟರ್ ಲೂನ್ ಕಂಡುಹಿಡಿದ, 1960ರಲ್ಲಿ ಪೇಟೆಂಟ್ ಪಡೆದ ಸೂತ್ರ. ಬರೆದುಕೊಳ್ಳುವಾಗ ಯಾವುದೇ ಒಂದು ಅಂಕಿ ತಪ್ಪಿದರೂ ಲೆಕ್ಕ ತಾಳೆಯಾಗುವುದಿಲ್ಲ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೂ ಸಿಕ್ಕಿಬೀಳುತ್ತದೆ, 09 ಹೋಗಿ 90 ಆದದ್ದನ್ನು ಬಿಟ್ಟು. ದೂರು ಬರೆದುಕೊಳ್ಳುವಾಗಲೇ ಈ ಲೆಕ್ಕ ಮಾಡಿ ನೋಡುವುದಕ್ಕೂ, ತಿಂಗಳಾದ ಮೇಲೆ "ಇಂಥ ಫೋನೇ ಇಲ್ಲ" ಎಂದು ಉತ್ತರ ಬರುವುದಕ್ಕೂ ಎಷ್ಟು ಅಂತರ! ವಾಹನಗಳ 17 ಅಕ್ಷರದ ಗುರುತಿನ ಸಂಖ್ಯೆಯಲ್ಲೂ ಇಂಥದೇ ಮುಂಜಾಗ್ರತೆ ಇದೆ. ಒಂದು, ಸೊನ್ನೆ ಎಂಬ ಅಂಕಿಗಳ ಜೊತೆ ಗೊಂದಲವಾದೀತೆಂದು ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ.

1995ರ ಏಪ್ರಿಲ್ 19ರಂದು ಅಮೆರಿಕದ ಓಕ್ಲಹೋಮ ನಗರದಲ್ಲಿ ಬಾಂಬು ತುಂಬಿದ ಟ್ರಕ್ ಸಿಡಿದಾಗ, ಅವಶೇಷದಲ್ಲಿ ಸಿಕ್ಕ ಹಿಂದಿನ ಆಕ್ಸಲ್ಲಿನ ಸಂಖ್ಯೆ ತನಿಖೆಯನ್ನು ಕ್ಯಾನ್ಸಸಿನ ಬಾಡಿಗೆ ಅಂಗಡಿಗೆ ಒಯ್ದಿತು. ಅದಕ್ಕೂ ಎರಡು ವರ್ಷ ಮೊದಲು, 1993ರ ಮುಂಬಯಿ ಸ್ಫೋಟದ ದಿನ ವರ್ಲಿಯಲ್ಲಿ ಆಯುಧಗಳ ಸಮೇತ ಬಿಟ್ಟುಹೋದ ಮಾರುತಿ ವ್ಯಾನಿನ ನೋಂದಣಿ, ಪೊಲೀಸರನ್ನು ಮಾಹಿಮಿನ ಮೆಮನ್ ಕುಟುಂಬದ ಮನೆ ಬಾಗಿಲಿಗೆ ಮುಟ್ಟಿಸಿತು. ವಾಹನ ಮಾರಿದವರೂ ನೋಂದಾಯಿಸಿದ ಗುಮಾಸ್ತರೂ ತಮ್ಮ ದಿನದ ಕೆಲಸ ಮಾಡಿದ್ದರು, ಅಷ್ಟೆ.

ಸಂಖ್ಯೆ ಇಲ್ಲದ ಕಡೆ ಹೆಸರಿನಲ್ಲಿ ಹುಡುಕಬೇಕಾಗುತ್ತದೆ. ಅಲ್ಲಿ ದಕ್ಷಿಣ ಕನ್ನಡದಷ್ಟು ಕಷ್ಟದ ಜಿಲ್ಲೆ ಇನ್ನೊಂದಿರಲಾರದು. ಅದೇ ಡಿಸೋಜ ಇಂಗ್ಲಿಷಿನಲ್ಲಿ ನಾಲ್ಕು ಬಗೆ, ಪೂಜಾರಿ ಎರಡು ಬಗೆ. ಕಾದರ್ ಒಂದು ಠಾಣೆಯಲ್ಲಿ ಕೆ ಅಕ್ಷರದಿಂದ, ಇನ್ನೊಂದರಲ್ಲಿ ಕ್ಯೂ ಅಕ್ಷರದಿಂದ ಶುರುವಾಗುತ್ತಾನೆ. ಧ್ವನಿಯ ಮೇಲೆ ಹೆಸರು ಹುಡುಕುವ ಸೌಂಡೆಕ್ಸ್ ಎಂಬ ವಿಧಾನಕ್ಕೆ 1918ರಲ್ಲೇ ಪೇಟೆಂಟ್ ಆಗಿದೆ, ಇವತ್ತಿಗೂ ಹಲವು ಡೇಟಾಬೇಸುಗಳಲ್ಲಿ ಬರುತ್ತದೆ. ಅದು ಡಿಸೋಜರನ್ನೆಲ್ಲ ಸರಿಯಾಗಿ ಒಟ್ಟು ಮಾಡುತ್ತದೆ. ಮೊದಲ ಅಕ್ಷರವನ್ನು ಹಾಗೇ ಉಳಿಸಿಕೊಳ್ಳುವುದರಿಂದ ಕಾದರನನ್ನು ಮಾತ್ರ ಇಬ್ಬರನ್ನಾಗಿ ಮಾಡುತ್ತದೆ. ತರಬೇತಿಯಲ್ಲಿ ನಗು ಬರುವುದು ಇಲ್ಲಿ: ಶೆಟ್ಟಿಗೂ ಸೀತಾಳಿಗೂ ಸೌಂಡೆಕ್ಸ್ ಕೊಡುವುದು ಒಂದೇ ಕೋಡ್, ಎಸ್ 300. ನಮ್ಮ ಹೆಸರುಗಳಿಗೆ ನಮ್ಮದೇ ನಿಯಮ ಬರೆದುಕೊಳ್ಳದೆ ಗತಿಯಿಲ್ಲ.

ಬೆರಳಚ್ಚು ಈ ಗೊಂದಲದಿಂದ ಪಾರಾಗುವ ದಾರಿ. ಕಂಪ್ಯೂಟರಿಗಿಂತ ಎಷ್ಟೋ ಮೊದಲೇ ಅದಕ್ಕೊಂದು ಅಚ್ಚುಕಟ್ಟಾದ ಸೂಚಿ ಕಟ್ಟಿದ್ದು ನಮ್ಮ ದೇಶದಲ್ಲೇ. 1897ರಲ್ಲಿ ಕಲ್ಕತ್ತಾದ ಬೆರಳಚ್ಚು ಕಚೇರಿ ಶುರುವಾದಾಗ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಕೆಲಸ ಮಾಡುತ್ತಿದ್ದರು. ಹತ್ತು ಬೆರಳುಗಳ ಸುಳಿಗಳಿಂದ ಲೆಕ್ಕ ಹಾಕಿ ಪ್ರತಿ ಚೀಟಿಯನ್ನು 1024 ಗೂಡುಗಳಲ್ಲಿ ಒಂದಕ್ಕೆ ಹಾಕುವ ಪದ್ಧತಿ ಅವರದು. ಅಂಚೆ ಕಚೇರಿಯ ಗೂಡುಗಳ ಹಾಗೆ, ಹುಡುಕುವವನು ಒಂದೇ ಗೂಡಿಗೆ ಕೈ ಹಾಕಿದರಾಯಿತು. ಹೆಸರು ಉಳಿದದ್ದು ಹೆನ್ರಿಯದ್ದು. ಈಗ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ನಡೆಸುವ ನಾಫಿಸ್ ವ್ಯವಸ್ಥೆ, 2022ರಲ್ಲಿ ಬಂದದ್ದು, ಬಂಧಿತರಿಗೆ 10 ಅಂಕಿಗಳ ಸಂಖ್ಯೆಯೊಂದನ್ನು ಕೊಡುತ್ತದೆ. ಬೇರೆ ಬೇರೆ ಠಾಣೆಯ ಬೇರೆ ಬೇರೆ ಎಫ್‌ಐಆರ್‌ಗಳಲ್ಲಿ ಹೆಸರು ಹೇಗೇ ಬರೆದಿರಲಿ, ಆ ಸಂಖ್ಯೆ ಒಂದೇ.

ಆದರೆ ಸ್ಥಳದಲ್ಲಿ ಸಿಕ್ಕ ಅರೆಬರೆ ಅಚ್ಚನ್ನು ಹುಡುಕಲು ಹಾಕಿದಾಗ ಯಂತ್ರ ಕೊಡುವುದು ಹೋಲುವವರ ಪಟ್ಟಿ ಮಾತ್ರ. ತೀರ್ಮಾನ ತಜ್ಞರದ್ದು. ಸಂಗ್ರಹ ದೊಡ್ಡದಾದಷ್ಟೂ ತೀರಾ ಹತ್ತಿರ ಹೋಲುವ ಅಪರಿಚಿತನೊಬ್ಬ ಅದರಲ್ಲಿರುವ ಸಂಭವ ಹೆಚ್ಚು. 2004ರ ಮ್ಯಾಡ್ರಿಡ್ ರೈಲು ಸ್ಫೋಟದಲ್ಲಿ ಆದದ್ದು ಇದೇ. ಚೀಲವೊಂದರ ಮೇಲಿನ ಅಚ್ಚು ತನ್ನ ದೇಶದ ವಕೀಲನೊಬ್ಬನದೇ ಎಂದು ಎಫ್‌ಬಿಐ ತಜ್ಞರು ಹೇಳಿದರು, ಆತನನ್ನು ಎರಡು ವಾರ ಒಳಗಿಟ್ಟರು. ಸ್ಪೇನಿನ ಪೊಲೀಸರು ಮೊದಲಿನಿಂದಲೂ ಒಪ್ಪಿರಲಿಲ್ಲ. ಅಚ್ಚು ಅಲ್ಜೀರಿಯದ ಒಬ್ಬನದ್ದೆಂದು ಅವರೇ ಕಂಡುಹಿಡಿದರು. ಎಫ್‌ಬಿಐ ಕ್ಷಮೆ ಕೇಳಿತು.

ನನ್ನ ಎರಡು ಉದ್ಯೋಗಗಳೂ ಒಂದೇ ಮೇಜಿಗೆ ಬರುವ ಪ್ರಕರಣ ಜರ್ಮನಿಯದು. 2007ರಲ್ಲಿ ಹೈಲ್‌ಬ್ರಾನ್ ಎಂಬಲ್ಲಿ ಪೊಲೀಸ್ ಅಧಿಕಾರಿಣಿಯೊಬ್ಬರ ಕೊಲೆಯಾಯಿತು. ಸ್ಥಳದಲ್ಲಿ ಸಿಕ್ಕ ಹೆಂಗಸಿನ ಡಿಎನ್ಎ ಅದಕ್ಕೂ ಮೊದಲಿನ, ನಂತರದ ಸುಮಾರು ನಲವತ್ತು ಪ್ರಕರಣಗಳಲ್ಲಿ, ಆಸ್ಟ್ರಿಯ ಫ್ರಾನ್ಸುಗಳಲ್ಲೂ ತಾಳೆಯಾಯಿತು. ಕೊಲೆ, ಮನೆಗಳ್ಳತನ, ಏನೇನೋ. ಸುಳಿವು ಕೊಟ್ಟವರಿಗೆ 3 ಲಕ್ಷ ಯೂರೊ ಬಹುಮಾನ ಎಂದರು. 2009ರಲ್ಲಿ, ಸುಟ್ಟುಹೋದ ಗಂಡಸೊಬ್ಬನ ಗುರುತು ಹಿಡಿಯುವಾಗ ಹಳೆ ಬೆರಳಚ್ಚಿನ ಕಾಗದದ ಮೇಲೂ ಅದೇ ಹೆಂಗಸಿನ ಡಿಎನ್ಎ ಬಂದಾಗ ಕಣ್ಣು ತೆರೆಯಿತು. ಮಾದರಿ ಒರೆಸಿಕೊಳ್ಳುವ ಹತ್ತಿಯ ಕಡ್ಡಿಗಳನ್ನು ಸಿದ್ಧಪಡಿಸುವ ಕೆಲಸದಲ್ಲಿದ್ದ ಹೆಂಗಸಿನ ಡಿಎನ್ಎ ಅದು. ಕಡ್ಡಿಗಳನ್ನು ಸೋಂಕುಮುಕ್ತ ಮಾಡಿದ್ದರು. ಆದರೆ ಸೂಕ್ಷ್ಮಾಣು ಸತ್ತರೂ ಡಿಎನ್ಎ ಉಳಿಯುತ್ತದೆ.

ಬೇರೆ ಕಡ್ಡಿ ಬಳಸುತ್ತಿದ್ದ ನೆರೆಯ ಬವೇರಿಯದಲ್ಲಿ ಆಕೆ ಒಮ್ಮೆಯೂ "ಅಪರಾಧ" ಮಾಡಿರಲಿಲ್ಲ. ಆ ಡಿಎನ್ಎ ಟೇಬಲ್ಲಿನಲ್ಲಿ ಕಡ್ಡಿಯ ತಯಾರಕ, ಲಾಟ್ ಸಂಖ್ಯೆ ಎಂಬ ಎರಡು ಕಾಲಂ ಇದ್ದಿದ್ದರೆ ಒಂದೇ ಸಾಲಿನ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಸಾಕಿತ್ತು. ಗೇರುಬೀಜದ ಟಿನ್ನಿಗೆ ನಾವು ದಿನಾ ಕೇಳುವ ಪ್ರಶ್ನೆ ಅದು. ಇಂಥ ಸಾಮಗ್ರಿಗಳ ತಯಾರಿಕೆಗೆಂದೇ 2016ರಲ್ಲಿ ಐಎಸ್ಒ 18385 ಎಂಬ ಮಾನದಂಡ ಬಂತು. ಆ ಅಧಿಕಾರಿಣಿಯ ಕೊಲೆಯ ನಂಟು ಒಂದು ನವನಾಜಿ ಗುಂಪಿಗೆ ಎಂಬುದು 2011ರಲ್ಲಿ ಹೊರಬಿತ್ತು.

ಹಾಗಾಗಿ ನಾನು ಕಟ್ಟುವ ಪ್ರತಿ ಟೇಬಲ್ಲಿನಲ್ಲೂ ಅಳತೆಯ ಪಕ್ಕದಲ್ಲಿ ಅಳೆದ ಸಾಧನದ ಸಂಖ್ಯೆ ಇರುತ್ತದೆ. ಮಾಲೀಕರು ಗೊಣಗುತ್ತಾರೆ: "ಥರ್ಮಾಮೀಟರಿಗೂ ನಂಬರ್ ಬೇಕಾ?" ಬೇಕು. ಅದು ಎರಡು ಡಿಗ್ರಿ ಕಡಿಮೆ ತೋರಿಸುತ್ತಿತ್ತು ಎಂದು ಗೊತ್ತಾದ ದಿನ, ಅದು ಮುಟ್ಟಿದ ಪೆಟ್ಟಿಗೆಗಳಷ್ಟನ್ನೇ ಹುಡುಕಬೇಕಲ್ಲ. ಇನ್ನೊಂದು ಕಾಲಂ, ದಾಖಲೆ ಕಂಪ್ಯೂಟರಿಗೆ ಬಿದ್ದ ಹೊತ್ತಿನದು. ಅದನ್ನು ಕಂಪ್ಯೂಟರೇ ಹಾಕಬೇಕು, ಯಾರಿಗೂ ತಿದ್ದಲು ಬರಬಾರದು. ಎಂಟು ಗಂಟೆಗಳ ಉಷ್ಣತೆಯನ್ನು ಶಿಫ್ಟಿನ ಕೊನೆಗೆ ಹತ್ತು ನಿಮಿಷದಲ್ಲಿ ತುಂಬಿದ್ದರೆ ಅಲ್ಲೇ ಕಾಣುತ್ತದೆ. ಪ್ರತಿ ಗಂಟೆಯೂ ಸರಿಯಾಗಿ ಮೈನಸ್ 18 ಎಂದಿರುವ ರಿಜಿಸ್ಟರನ್ನು ನಾನು ನಂಬುವುದಿಲ್ಲ. ನಿಜವಾದ ಫ್ರೀಜರ್ ಬಾಗಿಲು ತೆಗೆದಾಗಲೆಲ್ಲ ಏರುತ್ತದೆ, ಇಳಿಯುತ್ತದೆ.

ಫ್ಯಾಕ್ಟರಿಯ ದಾಖಲೆ ಒಂದು ದಿನ ಕೋರ್ಟಿಗೂ ಹೋಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವೂ, ಅಂದರೆ ಕಡತದಿಂದಲೇ ಲೆಕ್ಕ ಹಾಕಿ ಬರುವ ಗುರುತಿನ ಸಂಕೇತವೂ, ಇರಬೇಕು. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರಾ ಬೇರೆಯಾಗುತ್ತದೆ. ಪೆನ್‌ಡ್ರೈವ್ ಕೊಟ್ಟು ಕೈತೊಳೆದುಕೊಳ್ಳುವ ಕಾಲ ಮುಗಿಯಿತು.

ಸಿಸಿಟಿವಿ ಇಟ್ಟುಕೊಂಡ ಅಂಗಡಿ, ಲಾಡ್ಜ್, ಫ್ಯಾಕ್ಟರಿಯವರಿಗೆ ಇಷ್ಟು ಹೇಳಬೇಕು. ಕ್ಯಾಮೆರಾದ ಚಿತ್ರ ದಾಖಲಿಸುವ ಡಿವಿಆರ್ ಪೆಟ್ಟಿಗೆ, ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತದೆ. ನಿಮ್ಮದು ಎಷ್ಟು ದಿನ ಉಳಿಸುತ್ತದೆ ಎಂದು ಇವತ್ತೇ ಹಿಂದಕ್ಕೆ ಓಡಿಸಿ ನೋಡಿ. ಅದರ ಗಡಿಯಾರವನ್ನೂ ಫೋನಿನ ಗಂಟೆಯೊಂದಿಗೆ ಹೋಲಿಸಿ. ಹದಿನೈದಿಪ್ಪತ್ತು ನಿಮಿಷ ಹಿಂದುಳಿದವು ಎಷ್ಟೋ ಇವೆ. ಪೊಲೀಸರು ಕೇಳಿಕೊಂಡು ಬಂದರೆ ಗಡಿಯಾರವನ್ನು ಆಗ ಸರಿಮಾಡಲು ಹೋಗಬೇಡಿ. ಡಿವಿಆರ್ ತೋರಿಸುವ ಸಮಯ, ಆ ಕ್ಷಣದ ನಿಜ ಸಮಯ ಎರಡನ್ನೂ ಮಹಜರಿನಲ್ಲಿ ಬರೆಸಿಕೊಳ್ಳಲು ಹೇಳಿ.