ದೇವರ ಚಿತ್ರದ ಕೆಳಗಿನ ಸಾಲು

ಪ್ರಚಾರ ಸಾಮಗ್ರಿಯ ಕರಡನ್ನು ಅಚ್ಚಿಗೆ ಹೋಗುವ ಮೊದಲೇ ಓದಿ, ಆಕ್ಷೇಪಕ್ಕೆ ಆಸ್ಪದವಾಗುವುದನ್ನು ತೆಗೆಸುವುದು ಚುನಾವಣಾ ಕಾನೂನಿನ ವಕೀಲನಾಗಿ ನನ್ನ ಕೆಲಸದ ಒಂದು ಭಾಗ. ಒಮ್ಮೆ ಒಬ್ಬ ಅಭ್ಯರ್ಥಿಯ ಕಡೆಯವರು ತಂದ ಕರಪತ್ರದ ಮೇಲ್ಭಾಗದಲ್ಲಿ ಗ್ರಾಮದೇವತೆಯ ಉತ್ಸವಮೂರ್ತಿ, ಕೆಳಗೆ ಕೈಮುಗಿದು ನಿಂತ ಅಭ್ಯರ್ಥಿ, ನಡುವೆ ಕೆಂಪಕ್ಷರದಲ್ಲಿ ‘ಅಮ್ಮನ ಋಣ ತೀರಿಸಲು ನಿಮ್ಮ ಮತ’ ಎಂಬ ಸಾಲು ಇತ್ತು. ‘ಬೇರೆ ಧರ್ಮದವರ ಬಗ್ಗೆ ಒಂದು ಮಾತೂ ಇಲ್ಲವಲ್ಲ ಸಾರ್, ಇದರಲ್ಲೇನು ತಪ್ಪು?’ ಎಂದು ಅವರು ಕೇಳಿದರು. ಆ ಪ್ರಶ್ನೆಯಲ್ಲಿ ಕಪಟವಿರಲಿಲ್ಲ. ನಮ್ಮಲ್ಲಿ ಬಹಳ ಮಂದಿ ಕಾನೂನನ್ನು ಹಾಗೆಯೇ ತಿಳಿದುಕೊಂಡಿದ್ದಾರೆ.

1951ರ ಜನಪ್ರತಿನಿಧಿ ಕಾಯ್ದೆಯಲ್ಲಿ ಧರ್ಮಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ 123(3ಎ) ಎಂಬ ಬೇರೆಯೇ ಉಪಕಲಂ ಇದೆ. ಅದಕ್ಕೂ ಮೊದಲಿನ 123(3) ದ್ವೇಷದ ಮಾತನ್ನೇ ಎತ್ತುವುದಿಲ್ಲ; ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು, ಗೆಲುವಿಗಾಗಿ ಧಾರ್ಮಿಕ ಚಿಹ್ನೆಯನ್ನು ಬಳಸುವುದನ್ನು ಅದು ಭ್ರಷ್ಟ ಆಚರಣೆ ಎನ್ನುತ್ತದೆ. ಮತ ಹಾಕದಿದ್ದರೆ ದೇವರ ಮುನಿಸಿಗೆ ಗುರಿಯಾಗುತ್ತೀರಿ ಎಂದು ನಂಬಿಸುವುದು 123(2)ರ ಅಡಿ ಅನುಚಿತ ಪ್ರಭಾವವಾಗುತ್ತದೆ. ಎಲೆ ಅಡಿಕೆ ಮುಟ್ಟಿಸಿ ಆಣೆ ಮಾಡಿಸಿಕೊಳ್ಳುವವರು ಇದನ್ನು ತಿಳಿದಿರಬೇಕು. ಅಭ್ಯರ್ಥಿ ದೇವರನ್ನು ನಂಬುವುದಾಗಲಿ, ಪೂಜೆ ಮಾಡಿಸುವುದಾಗಲಿ ತಪ್ಪಲ್ಲ. ಆ ನಂಬಿಕೆಯನ್ನು ಮತಕ್ಕೆ ಗಂಟುಹಾಕಿದಾಗ ತೊಡಕು ಹುಟ್ಟುತ್ತದೆ.

ಆ ಗಂಟು ಎಲ್ಲಿ ಬಿತ್ತೆಂದು ಗುರುತಿಸುವುದು ಸುಲಭವಲ್ಲ. ನನ್ನ ಕಿರಿಯ ಸಹೋದ್ಯೋಗಿಗಳಿಗೆ ನಾನು ಮೊದಲು ಹೇಳುವುದು ಹುಂಜದ ಪ್ರಕರಣವನ್ನು. 1957ರ ಚುನಾವಣೆಯಲ್ಲಿ ಆಗಿನ ಬಿಹಾರದ ಸಿಂಗ್‌ಭೂಮ್ ಭಾಗದಲ್ಲಿ ಝಾರ್ಖಂಡ್ ಪಕ್ಷದ ಗುರುತು ಹುಂಜವಾಗಿತ್ತು. ಆಯೋಗವೇ ಕೊಟ್ಟ ಗುರುತಾದ್ದರಿಂದ ಅದನ್ನು ಅಚ್ಚು ಹಾಕಿಸುವುದರಲ್ಲಿ ದೋಷವಿರಲಿಲ್ಲ. ಆದರೆ ಪದ್ಯದ ರೂಪದಲ್ಲಿದ್ದ ಒಂದು ಕರಪತ್ರದಲ್ಲಿ ಹುಂಜವೇ ಬಾಯಿಬಿಟ್ಟು, ಮತವೆಂಬ ಆಹಾರವನ್ನು ತನಗೆ ಕೊಡಿ ಎಂದು ಬೇಡುತ್ತಿತ್ತು. ಅಲ್ಲಿನ ಆದಿವಾಸಿಗಳು ದೈವಗಳಿಗೆ ಹುಂಜವನ್ನು ಬಲಿ ಕೊಡುತ್ತಾರೆ. ಓದುವವರ ಮನಸ್ಸಿನಲ್ಲಿ ಅದು ಬರಿಯ ಗುರುತಾಗಿ ಉಳಿಯುವುದು ಸಾಧ್ಯವಿರಲಿಲ್ಲ. ಇದು ಧರ್ಮದ ಹೆಸರಿನ ಮನವಿಯೇ ಹೌದು ಎಂದು ಸುಪ್ರೀಂ ಕೋರ್ಟ್ ಬಹುಮತದಿಂದ ತೀರ್ಮಾನಿಸಿತು.

1962ರ ಚುನಾವಣೆಯಲ್ಲಿ ಪಂಜಾಬಿನ ಒಂದು ಭಿತ್ತಿಪತ್ರ ‘ಪಂಥ್’ನ ಮಾನ ಕಾಪಾಡಿ ಎಂದು ಕರೆ ಕೊಟ್ಟಾಗ ಅದೇ ನ್ಯಾಯಾಲಯ, ಆ ಸಂದರ್ಭದಲ್ಲಿ ಆ ಪದ ಸಿಖ್ ಧರ್ಮವನ್ನಲ್ಲ, ಅಕಾಲಿ ದಳವನ್ನು ಸೂಚಿಸುತ್ತದೆ ಎಂದು ಅಭ್ಯರ್ಥಿಯ ಪರ ನಿಂತಿತು. ಎರಡು ತೀರ್ಪುಗಳು ಹೊರನೋಟಕ್ಕೆ ವಿರುದ್ಧವೆನಿಸಿದರೂ ಓದುವ ಕ್ರಮ ಒಂದೇ: ಒಂದು ಪದವನ್ನು ಕಿತ್ತು ತೆಗೆದು ನೋಡದೆ, ಇಡೀ ಬರಹ ಆ ಊರಿನ ಮತದಾರನಿಗೆ ಏನು ಹೇಳುತ್ತದೆ ಎಂದು ನೋಡುವುದು.

ಮುಂದೆ 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಕಾಯ್ದೆಯಲ್ಲಿರುವ ‘ಅವನ ಧರ್ಮ’ ಎಂಬ ಮಾತು ಅಭ್ಯರ್ಥಿಯ ಧರ್ಮಕ್ಕೆ ಸೀಮಿತವಲ್ಲ, ಮತದಾರರ ಧರ್ಮವೂ ಅದರಲ್ಲಿ ಸೇರುತ್ತದೆ ಎಂದು 4–3ರ ಬಹುಮತದಿಂದ ಹೇಳಿತು. ಧರ್ಮ, ಜಾತಿಗಳ ಕಾರಣಕ್ಕೆ ಅನ್ಯಾಯ ಅನುಭವಿಸಿದವರು ಆ ಅನ್ಯಾಯವನ್ನು ಚುನಾವಣೆಯಲ್ಲಿ ಎತ್ತದಂತಾಗಬಾರದು ಎಂಬ ಭಿನ್ನಮತದ ಮೂವರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ದೇವಸ್ಥಾನದೊಳಗೆ ಬಿಡದಿರುವುದನ್ನು ಅಥವಾ ಸ್ಮಶಾನಕ್ಕೆ ಜಾಗವಿಲ್ಲದಿರುವುದನ್ನು ಹೇಳಿ ಮತ ಕೇಳುವವನನ್ನೂ, ದೇವರ ಋಣ ತೋರಿಸಿ ಮತ ಕೇಳುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ನನ್ನನ್ನು ಹೆಚ್ಚು ಕಾಡುವುದು ಕಾಲ. ಅಭಿರಾಮ್ ಸಿಂಗ್ ಅವರ ಪ್ರಕರಣ ಹುಟ್ಟಿದ್ದು 1990ರ ಚುನಾವಣೆಯಲ್ಲಿ. ಕಾನೂನಿನ ಅರ್ಥ ಇತ್ಯರ್ಥವಾಗಲು 27 ವರ್ಷ ಹಿಡಿಯಿತು. ಫಲಿತಾಂಶ ಬಂದ 45 ದಿನಗಳೊಳಗೆ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಬೇಕು. ಇಂಥ ಪ್ರಚಾರ ಅಭ್ಯರ್ಥಿಯೋ ಅವರ ಏಜೆಂಟರೋ ಮಾಡಿದ್ದಲ್ಲದಿದ್ದರೆ, ಅವರ ಸಮ್ಮತಿ ಇತ್ತೆಂದು ಕ್ರಿಮಿನಲ್ ಪ್ರಕರಣದಷ್ಟೇ ಬಿಗಿಯಾಗಿ ಸಾಬೀತುಪಡಿಸಬೇಕು. ಟಿವಿ ಜಾಹೀರಾತನ್ನು ಪ್ರಸಾರಕ್ಕೆ ಮೊದಲೇ ಮಾಧ್ಯಮ ಪ್ರಮಾಣೀಕರಣ ಸಮಿತಿ ನೋಡುತ್ತದೆ. ಪತ್ರಿಕೆಯ ಜಾಹೀರಾತಿಗೆ ಆ ತಪಾಸಣೆ ಇರುವುದು ಮತದಾನದ ದಿನ ಮತ್ತು ಅದರ ಹಿಂದಿನ ದಿನ ಮಾತ್ರ. ಕರಪತ್ರಕ್ಕೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಹಾಕಬೇಕೆಂಬ ನಿಯಮವಿದೆಯೇ ಹೊರತು, ಅದರ ಒಕ್ಕಣೆಯನ್ನು ಮುಂಚಿತವಾಗಿ ಓದುವವರಿಲ್ಲ.

ಆ ದಿನ ನಾನು ಕೆಂಪಕ್ಷರದ ಸಾಲನ್ನು ಮೊದಲು ಹೊಡೆದುಹಾಕಿದೆ, ಆಮೇಲೆ ಚಿತ್ರವನ್ನೂ ತೆಗೆಸಿದೆ. ಕೆರೆ ಹೂಳೆತ್ತುವ ಭರವಸೆ, ಕುಡಿಯುವ ನೀರು, ಅಡಿಯಲ್ಲಿ ಮುದ್ರಕರ ಹೆಸರು, ಇಷ್ಟರೊಂದಿಗೆ ಕರಪತ್ರ ಅಚ್ಚಾಯಿತು. ವಾರದೊಳಗೆ ಅದೇ ಅಮ್ಮನ ರಥಬೀದಿಯಲ್ಲಿ ಒಂದು ಫ್ಲೆಕ್ಸ್ ಎದ್ದಿರುವ ಫೋಟೊ ನನಗೆ ಬಂತು. ನಾನು ತೆಗೆಸಿದ್ದ ಚಿತ್ರ, ಹೊಡೆದುಹಾಕಿದ್ದ ಸಾಲು ಎರಡೂ ಅದರಲ್ಲಿದ್ದವು. ಮುದ್ರಕರ ಹೆಸರಿರಲಿಲ್ಲ, ಕೆಳಗೆ ‘ಅಭಿಮಾನಿ ಬಳಗ’ ಎಂದಷ್ಟೇ ಇತ್ತು. ಫೋನ್ ಮಾಡಿ ಇಳಿಸುವಂತೆ ಹೇಳಿದಾಗ, ಅದು ತಮ್ಮದಲ್ಲ ಎಂದರು.