ಅಲೆಯ ತಲೆ ಕತ್ತರಿಸುವ ಪೆಟ್ಟಿಗೆ

ಎಲೆಕ್ಟ್ರಿಕ್ ಗಿಟಾರಿನ ಎ ತಂತಿಯನ್ನು ಒಮ್ಮೆ ಮೀಟಿ. ಅದು ಸೆಕೆಂಡಿಗೆ 110 ಸಲ ಕಂಪಿಸುತ್ತದೆ, ಅಂದರೆ 110 ಹರ್ಟ್ಸ್. ಈ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪಿನಿಂದ ಹೊರಬರುವುದು ಒಂದು ಸಣ್ಣ ವಿದ್ಯುತ್ ಅಲೆ. ಅದು 0.2 ವೋಲ್ಟ್ ಇದೆ ಎಂದಿಟ್ಟುಕೊಳ್ಳೋಣ. ಡಿಸ್ಟಾರ್ಷನ್ ಪೆಡಲ್, ಅಂದರೆ ಗಿಟಾರಿನ ದನಿಯನ್ನು ಬೇಕೆಂದೇ ಒಡೆಯುವ, ಕಾಲಲ್ಲಿ ಒತ್ತುವ ಪೆಟ್ಟಿಗೆ, ಇದನ್ನು ನೂರು ಪಟ್ಟು ಹಿಗ್ಗಿಸಲು ಹೊರಡುತ್ತದೆ. ಲೆಕ್ಕದ ಪ್ರಕಾರ 20 ವೋಲ್ಟ್ ಆಗಬೇಕು, ಅಲ್ವಾ? ಆಗುವುದಿಲ್ಲ. ದಾರಿಯಲ್ಲಿ ಎರಡು ಪುಟ್ಟ ಡಯೋಡುಗಳು (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು) ಕಾದು ಕೂತಿರುತ್ತವೆ. ಒಂದು ಅಲೆಯ ಮೇಲ್ಭಾಗಕ್ಕೆ, ಇನ್ನೊಂದು ಕೆಳಭಾಗಕ್ಕೆ. ಸಿಲಿಕಾನ್ ಡಯೋಡಾದರೆ, ಅಲೆ ಸುಮಾರು 0.6 ವೋಲ್ಟ್ ಮುಟ್ಟುತ್ತಿದ್ದಂತೆ ಬಾಗಿಲು ತೆರೆದು ಮಿಕ್ಕದ್ದನ್ನೆಲ್ಲ ಹೊರಗೆ ಹರಿಸಿಬಿಡುತ್ತದೆ. ಗುಡ್ಡದಂತಿದ್ದ ಅಲೆ ತಲೆ ಕಳೆದುಕೊಂಡು ಮೇಜಿನಂತೆ ಚಪ್ಪಟೆಯಾಗುತ್ತದೆ. ಇದಕ್ಕೇ ಕ್ಲಿಪ್ಪಿಂಗ್ ಅನ್ನುವುದು. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಟಾರ್ಷನ್ ಇರುವ ‘ಎರಡು ಚಾನೆಲ್’ ಪೆಡಲ್ ಕೊಳ್ಳುವ ಮುನ್ನ ಇದು ತಿಳಿದಿರಬೇಕು.

ತಲೆ ಕತ್ತರಿಸಿದ ಜಾಗದಲ್ಲಿ ಹೊಸ ಸ್ವರಗಳು ಹುಟ್ಟುತ್ತವೆ. ಮೇಲೂ ಕೆಳಗೂ ಸಮನಾಗಿ ಕತ್ತರಿಸಿದರೆ 330, 550, 770 ಹರ್ಟ್ಸ್, ಅಂದರೆ ಮೂಲದ ಮೂರು, ಐದು, ಏಳರಷ್ಟು. ಒಂದು ಬದಿ ಜಾಸ್ತಿ, ಇನ್ನೊಂದು ಬದಿ ಕಡಿಮೆ ಕತ್ತರಿಸಿದರೆ 220, 440ರಂಥವೂ ಸೇರಿಕೊಳ್ಳುತ್ತವೆ. ಇವೇ ಹಾರ್ಮೋನಿಕ್‌ಗಳು. ಡಿಸ್ಟಾರ್ಷನ್ನಿನ ಉರಿ, ಗರಗರ, ತುಂಬುತನ ಎಲ್ಲವೂ ಇವುಗಳದೇ.

ಈ ಸದ್ದನ್ನು ಕೊಡುವ ಪೆಡಲ್ ಹುಟ್ಟಿದ್ದು ಒಂದು ಕೆಟ್ಟ ಯಂತ್ರದಿಂದ. 1961ರಲ್ಲಿ ಹೊರಬಂದ, ಗಾಯಕ ಮಾರ್ಟಿ ರಾಬಿನ್ಸ್ ಅವರ ಹಾಡೊಂದರ ಧ್ವನಿಮುದ್ರಣ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ನಡೆದಿತ್ತು. ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬೇಸ್ ಗಿಟಾರ್ ಸ್ಟುಡಿಯೋದ ಧ್ವನಿ ಮಿಕ್ಸರಿನ ಕೆಟ್ಟುಹೋದ ಚಾನೆಲ್ ಮೂಲಕ ಹರಿದು ಬರ್ ಎಂದು ಒಡೆದ ದನಿಯಲ್ಲಿ ಬಂತು. ಅದನ್ನು ಅಳಿಸದೆ ಹಾಗೇ ಉಳಿಸಿಕೊಂಡರು. ಆಗ ಅಲ್ಲಿದ್ದ ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಸದ್ದನ್ನು ಬೇಕೆಂದಾಗ ಕೊಡುವ ಟ್ರಾನ್ಸಿಸ್ಟರ್ ಸರ್ಕ್ಯೂಟ್ ರೂಪಿಸಿದರು. 1962ರಲ್ಲಿ ಅದು ಮೇಸ್ಟ್ರೋ ಫಝ್-ಟೋನ್ ಎಂಬ ಪೆಡಲ್ ಆಗಿ ಮಾರುಕಟ್ಟೆಗೆ ಬಂತು.

ಈಗ ಎರಡು ಚಾನೆಲ್ಲಿನ ಪೆಡಲ್ ವಿಷಯಕ್ಕೆ ಬರೋಣ. ಬಹಳ ಜನ ಇದನ್ನು ‘ಕಡಿಮೆ’ ಮತ್ತು ‘ಜಾಸ್ತಿ’ ಎಂಬ ಎರಡು ಗುಂಡಿಗಳಂತೆ ನೋಡುತ್ತಾರೆ. ನಾನೂ ಹಾಗೇ ನೋಡಿದ್ದೆ. ಮೊದಲ ಸಲ ಇಂಥ ಪೆಡಲ್ ಹಿಡಿದು ವೇದಿಕೆ ಹತ್ತಿದಾಗ ಒಂದನೇ ಚಾನೆಲ್ಲಿನಲ್ಲಿ ಹದವಾದ ಗೇನ್ (ಅಲೆಯನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಅಳತೆ), ಎರಡನೆಯದರಲ್ಲಿ ಪೂರ್ತಿ ಗೇನ್ ಇಟ್ಟುಕೊಂಡಿದ್ದೆ. ಸೋಲೋ (ಗಿಟಾರ್ ಒಂದೇ ಮುಂದೆ ನಿಂತು ನುಡಿಯುವ ಭಾಗ) ಬಂತು, ಎರಡನೆಯದನ್ನು ಒತ್ತಿದೆ. ಸದ್ದು ದಪ್ಪಗಾಯಿತು, ಆದರೆ ಮುಂದೆ ಬರಲಿಲ್ಲ. ಡ್ರಮ್ಸ್ ಮತ್ತು ಬೇಸ್ ನಡುವೆ ಎಲ್ಲೋ ಮುಳುಗಿಹೋಯಿತು. ಬೆರಳು ಓಡುತ್ತಿದೆ, ನನಗೇ ಕೇಳುತ್ತಿಲ್ಲ. ಆ ಹತ್ತು ಹದಿನೈದು ಸೆಕೆಂಡು ಇನ್ನೂ ನೆನಪಿದೆ.

ಕಾರಣ ಆ ಡಯೋಡಿನಲ್ಲೇ ಇದೆ. 0.6 ವೋಲ್ಟಿಗೆ ತಲೆ ಕತ್ತರಿಸುವುದು ನಿಶ್ಚಯವಾದ ಮೇಲೆ ಗೇನ್ ಎಷ್ಟೇ ತಿರುಗಿಸಿದರೂ ಅಲೆ ಎತ್ತರವಾಗುವುದಿಲ್ಲ. ಮೆಲ್ಲಗೆ ಮೀಟಿದ ಸ್ವರಗಳು ಮಾತ್ರ ಮೇಲೆದ್ದು ಜೋರಾದವುಗಳ ಪಕ್ಕ ನಿಲ್ಲುತ್ತವೆ. ಏರಿಳಿತ ಸತ್ತುಹೋಗುತ್ತದೆ. ಪಿಕ್ ತಂತಿಗೆ ತಾಗುವ ಆ ಮೊದಲ ‘ಟಕ್’ ಕೂಡ ಚಪ್ಪಟೆ. ಗುಂಪಿನ ಸದ್ದಿನಲ್ಲಿ ಗಿಟಾರನ್ನು ಗುರುತಿಸಲು ನಮ್ಮ ಕಿವಿಗೆ ಬೇಕಾದದ್ದೇ ಆ ‘ಟಕ್’. ಸೋಲೋ ಮುಂದೆ ಬರಬೇಕೆಂದರೆ ತಿರುಗಿಸಬೇಕಾದದ್ದು ಗೇನ್ ಅಲ್ಲ, ಕತ್ತರಿಯ ಆಚೆ ಇರುವ ವಾಲ್ಯೂಮ್.

ಇನ್ನೊಂದು ತಪ್ಪು ಮನೆಯಲ್ಲೇ ಆಗಿತ್ತು. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಮಂದವಾಗಿ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಇದನ್ನು ಅಳೆದು 1933ರಲ್ಲೇ ಪ್ರಕಟಿಸಿದ್ದರು. ಕೋಣೆಯಲ್ಲಿ ಕೂತು ಚೆಂದ ಕೇಳಲೆಂದು ನಾನು ಬೇಸ್ ಏರಿಸಿ, ನಡುವಿನ ಸ್ವರಗಳನ್ನು ಇಳಿಸಿದ್ದೆ. ವೇದಿಕೆಯ ಜೋರಿನಲ್ಲಿ ಆ ಬೇಸ್ ಉಬ್ಬಿತು. ಗಿಟಾರಿನ ಜಾಗವಾದ ನಡುಭಾಗವೇ ಖಾಲಿಯಾಯಿತು. ಹಾಗಾಗಿ ಪೆಡಲ್ ಹೊಂದಿಸುವಾಗ ಬಳಸುವಷ್ಟೇ ಜೋರಿನಲ್ಲಿ ಹೊಂದಿಸಿ. ಆಗದಿದ್ದರೆ ನಡುವಿನ ಸ್ವರಗಳನ್ನು ಮುಟ್ಟದೆ ಬಿಡಿ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಮೊದಲು, ಎರಡೂ ಚಾನೆಲ್ಲಿಗೆ ಬೇರೆ ಬೇರೆ ವಾಲ್ಯೂಮ್ ಮತ್ತು ಟೋನ್ ಇದೆಯೇ ಅಂತ. ಎರಡಕ್ಕೂ ಒಂದೇ ಟೋನ್ ನಾಬ್ ಇರುವ ಪೆಡಲನ್ನು ನಾನು ಕೊಳ್ಳುವುದಿಲ್ಲ. ಒಂದಕ್ಕೆ ಸರಿಹೋದದ್ದು ಇನ್ನೊಂದಕ್ಕೆ ಮೊನಚಾಗುತ್ತದೆ. ಆಮೇಲಿನದು ಇನ್ನೂ ಮುಖ್ಯ: ಎರಡೂ ಚಾನೆಲ್ ಒಟ್ಟಿಗೆ ಆನ್ ಆಗುತ್ತವೆಯೇ, ಅಥವಾ ಒಂದು ಒತ್ತಿದರೆ ಇನ್ನೊಂದು ಆರಿಹೋಗುತ್ತದೆಯೇ? ಒಟ್ಟಿಗೆ ಆನ್ ಆಗುವುದಾದರೆ ನಿಮ್ಮ ಕೈಯಲ್ಲಿರುವುದು ಎರಡಲ್ಲ, ಮೂರು ಸದ್ದು. ಮೂರನೆಯದೇ ಎಲ್ಲಕ್ಕಿಂತ ಸೊಗಸಾಗಿರುವುದುಂಟು.

ಎರಡು ಚಾನೆಲ್ಲನ್ನು ಒಂದರ ಹಿಂದೆ ಒಂದು ಇಟ್ಟಾಗ ಯಾವುದು ಮೊದಲು ಅನ್ನುವುದು ಎಲ್ಲವನ್ನೂ ಬದಲಿಸುತ್ತದೆ. ಕಡಿಮೆ ಗೇನಿನದು ಮೊದಲು ಬಂದರೆ ಅದು ಹಿಂದಿನಿಂದ ತಳ್ಳಿದಂತೆ: ಎರಡನೆಯದು ಇನ್ನಷ್ಟು ಕತ್ತರಿಸುತ್ತದೆ, ಸದ್ದು ಗಟ್ಟಿಯಾಗುತ್ತದೆ, ಜೋರು ಹೆಚ್ಚು ಬದಲಾಗುವುದಿಲ್ಲ. ಅದೇ ಕಡಿಮೆ ಗೇನಿನದು ಆಮೇಲೆ ಬಂದರೆ ಕತ್ತರಿಸಿ ಮುಗಿದ ಅಲೆಯನ್ನು ತನ್ನ ವಾಲ್ಯೂಮ್‌ನಿಂದ ಎತ್ತಿ ಹಿಡಿಯುತ್ತದೆ. ಸೋಲೋಗೆ ಇದೇ ಬೇಕು.

ಟೋನ್ ವಿಷಯವೂ ಹೀಗೇ. ಕತ್ತರಿಗೆ ಮುಂಚೆ ಬೇಸ್ ತೆಗೆದರೆ ಒಂದು ಫಲ, ಆಮೇಲೆ ತೆಗೆದರೆ ಬೇರೆಯೇ ಫಲ. ತಗ್ಗಿನ ಸ್ವರಗಳ ಅಲೆ ದೊಡ್ಡದು. ಅದು ಡಯೋಡನ್ನು ಮೊದಲು ಮುಟ್ಟಿ, ತನ್ನ ಮೇಲೆ ಸವಾರಿ ಮಾಡುತ್ತಿರುವ ಸಣ್ಣ ಅಲೆಗಳನ್ನೂ ಜೊತೆಗೆ ಕತ್ತರಿಸಿಬಿಡುತ್ತದೆ. ಸದ್ದು ಕಲಸಿಹೋಗುತ್ತದೆ. ಆಮೇಲೆ ಎಷ್ಟು ಬೇಸ್ ಇಳಿಸಿದರೂ ಕಲಸಿದ್ದು ಬಿಡಿಸಿಕೊಳ್ಳುವುದಿಲ್ಲ. 1970ರ ದಶಕದ ಕೊನೆಗೆ ಬಂದ ಐಬನೆಜ್ ಟ್ಯೂಬ್ ಸ್ಕ್ರೀಮರ್ ಪೆಡಲ್ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿಮೆ ಹಿಗ್ಗಿಸುತ್ತದೆ. ಜಾಸ್ತಿ ಗೇನಿನ ಆಂಪ್‌ಗೆ (ಸದ್ದು ಹಿಗ್ಗಿಸಿ ಸ್ಪೀಕರಿಗೆ ಕೊಡುವ ಆಂಪ್ಲಿಫೈಯರ್) ಮುಂಚೆ ಅದನ್ನು ಇಡುವವರು ಇಷ್ಟೊಂದು ಜನ ಇರುವುದು ಅದಕ್ಕೇ.

ಡಯೋಡಿನ ಜಾತಿಯೂ ಸದ್ದಿನಲ್ಲಿ ಕೇಳಿಸುತ್ತದೆ. ಜರ್ಮೇನಿಯಂ ಸುಮಾರು 0.3 ವೋಲ್ಟಿಗೇ ಕತ್ತರಿಸಲು ಶುರು ಮಾಡುತ್ತದೆ. ಎಲ್‌ಇಡಿ ಹಾಕಿದ್ದರೆ ಒಂದೂವರೆ ವೋಲ್ಟ್ ದಾಟುವವರೆಗೂ ಸುಮ್ಮನಿರುತ್ತದೆ. ಆದ್ದರಿಂದ ಎಲ್‌ಇಡಿ ಇರುವ ಚಾನೆಲ್ ಜೋರಾಗಿ, ಬಿಚ್ಚಿಕೊಂಡಂತೆ ಕೇಳುತ್ತದೆ. ಇಲ್ಲೇ ಮೋಸ ಹೋಗುವುದು. ಎರಡು ಸದ್ದು ಹೋಲಿಸುವಾಗ ನಮ್ಮ ಕಿವಿ ಜೋರಾದದ್ದನ್ನೇ ಚೆನ್ನಾಗಿದೆ ಅನ್ನುತ್ತದೆ. ವಾಲ್ಯೂಮ್ ಸಮ ಮಾಡಿಕೊಂಡು ಆಮೇಲೆ ಹೋಲಿಸಿ.

ವಿದ್ಯುತ್ತಿನ ಬಗ್ಗೆ ಒಂದೇ ಮಾತು. ಬಹಳಷ್ಟು ಪೆಡಲ್‌ಗಳಿಗೆ 9 ವೋಲ್ಟ್, ಮಧ್ಯದ ಪಿನ್ ನೆಗೆಟಿವ್. ಹಾಗಿಲ್ಲದವೂ ಇವೆ, ಪೆಡಲ್ ಮೇಲೆ ಬರೆದದ್ದನ್ನು ಓದಿಯೇ ಚುಚ್ಚಿ.

ಪರೀಕ್ಷೆಗೆ ನಾನು ಬಳಸುವುದು ಎರಡೇ ಜೋಡಿ ಸ್ವರ. 110 ಹರ್ಟ್ಸ್‌ನ ಎ ಜೊತೆ ಅದರ ಮೇಲಿನ ಇ, 164.8 ಹರ್ಟ್ಸ್. ಎ ಸ್ವರದ ಮೂರನೇ ಹಾರ್ಮೋನಿಕ್ 330, ಇ ಸ್ವರದ ಎರಡನೆಯದು 329.6. ಹೆಚ್ಚುಕಮ್ಮಿ ಒಂದೇ. ಎಷ್ಟು ಗೇನ್ ಕೊಟ್ಟರೂ ಈ ಜೋಡಿ ಬಂಡೆಯಂತೆ ನಿಲ್ಲುತ್ತದೆ. ರಾಕ್ ಸಂಗೀತಗಾರರು ಪವರ್ ಕಾರ್ಡ್ ಅನ್ನುವುದು ಇದನ್ನೇ. ಈಗ ಇ ಬಿಟ್ಟು ಸಿ ಶಾರ್ಪ್ ಒತ್ತಿ, 138.6 ಹರ್ಟ್ಸ್. ಎ ಸ್ವರದ ಐದನೆಯದು 550, ಸಿ ಶಾರ್ಪಿನ ನಾಲ್ಕನೆಯದು 554.4. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಸೆಕೆಂಡಿಗೆ ನಾಲ್ಕು ಸಲಕ್ಕಿಂತ ಹೆಚ್ಚು ಅವು ಒಂದಕ್ಕೊಂದು ತಾಕಾಡುತ್ತವೆ. ಪೆಡಲ್ ಇಲ್ಲದಾಗ ಈ ಹಾರ್ಮೋನಿಕ್‌ಗಳು ಮೆಲ್ಲಗಿರುವುದರಿಂದ ಜಗಳ ಅಷ್ಟಾಗಿ ಕೇಳುವುದಿಲ್ಲ. ಡಿಸ್ಟಾರ್ಷನ್ ಅವನ್ನು ಎತ್ತಿ ಮುಂದೆ ನಿಲ್ಲಿಸುತ್ತದೆ.

ಅಂಗಡಿಯಲ್ಲಿ ನಿಮ್ಮದೇ ಗಿಟಾರ್ ಹಿಡಿದು ಈ ಎರಡನೇ ಜೋಡಿಯನ್ನು ಒಂದನೇ ಚಾನೆಲ್ಲಿನಲ್ಲಿ ನುಡಿಸಿ. ಸ್ವರಗಳು ಕಲಸಿಹೋಗುವವರೆಗೆ ಗೇನ್ ಏರಿಸಿ, ಬಿಡಿಬಿಡಿಯಾಗಿ ಕೇಳುವವರೆಗೆ ಹಿಂದಕ್ಕೆ ತನ್ನಿ. ನಂತರ ಗಿಟಾರಿನ ವಾಲ್ಯೂಮ್ ಅರ್ಧಕ್ಕೆ ಇಳಿಸಿ ಮತ್ತೆ ಮೀಟಿ. ಉರಿ ಕರಗಿ ತಂತಿಯ ಸ್ವಂತ ದನಿ ಹೊರಬಂದರೆ ಒಂದನೇ ಚಾನೆಲ್ ಅಲ್ಲೇ ಇರಲಿ. ಎರಡನೆಯದನ್ನು ಅದರ ಮೇಲೆ ಒತ್ತಿ ನೋಡಿ.